ಎಫ್ ಒಂಬತ್ತು

ಗ್ರಿಮ್ಸ್‌ಬಿಯ ಮಾರ್ಕೆಟ್ಟಿನೊಳಗೆ, ಗುಂಡಿ ಜಿಪ್ಪಿನ ಅಂಗಡಿಗೂ
ಒಡೆದ ಬಿಸ್ಕತ್ತು ತೂಗಿ ಮಾರುವ ಟ್ರೆವರನಿಗೂ ನಡುವೆ
ನನ್ನದೊಂದು ಮೇಜು.
ಬೆಸುಗೆ ಕಡ್ಡಿ, ಭೂತಗನ್ನಡಿ, ಒಂದು ಮುರುಕು ಸ್ಟೂಲು.

ಮಂಗಳವಾರ ಎನಿಡ್ ಬ್ಲಾಂಚರ್ಡ್ ಬಂದರು.
ತಳ್ಳುಗಾಡಿಯಲ್ಲಿ, ಸ್ನಾನದ ಟವೆಲು ಸುತ್ತಿ,
ಕೂಸನ್ನು ಲಸಿಕೆಗೆ ತಂದ ಹಾಗೆ
ಒಂದು ಕೀಬೋರ್ಡು.
ಎತ್ತಿದರೆ ಅಬ್ಬ, ರುಬ್ಬುಗುಂಡು.
ಬಾಲದ ತುದಿಗೆ ದುಂಡು ಮುಖ, ಐದು ಹಲ್ಲು.
ಈಗಿನ ಯಾವ ಕಂಪ್ಯೂಟರಿಗೂ ಅದನ್ನು ನುಂಗುವ ಬಾಯಿಲ್ಲ.

"ಮೀನು ಲೆಕ್ಕದ ಆಫೀಸಿನದು.
ಬಾಗಿಲು ಹಾಕಿದ ದಿನ ತಂದೆ. ಕದ್ದದ್ದಲ್ಲ,
ಕೇಳಲಿಲ್ಲ, ಅಷ್ಟೆ."

ಕಣ್ಣ ನಟ್ಟನಡುವೆ ಈಗ ಅವರಿಗೊಂದು ಬೂದು ಮಚ್ಚೆ,
ನನ್ನ ಮುಖದಲ್ಲಿ ಬರೀ ಕಿವಿ ಕಾಣುತ್ತವಂತೆ.
ಮೊಮ್ಮಗಳು ಕೊಡಿಸಿದ ಲ್ಯಾಪ್‌ಟಾಪು ಓದಿ ಹೇಳುತ್ತದೆ, ಸರಿ,
ಆದರೆ ಅದರ ಕೀಲಿಗಳು ಹಪ್ಪಳ;
ಒತ್ತಿದೆನೋ ಇಲ್ಲವೋ ಬೆರಳಿಗೇ ಅನುಮಾನ.
"ಇದಾದರೆ, ದೀಪ ಹೋದರೂ ಅಡುಗೆಮನೆ ಗೊತ್ತಿರುತ್ತಲ್ಲ, ಹಾಗೆ."

ತಿರುಪು ಬಿಚ್ಚಿದೆ. ಒಳಗೆ ಉಪ್ಪು, ಪೆನ್ಸಿಲಿನ ತೊಗಟೆ,
ಎಚ್ ಅಕ್ಷರದ ಅಡಿಯಲ್ಲಿ ಹೊಳೆಯುವ ಒಂದು ಮೀನಿನ ಹುರುಪೆ.
ಯಾರ ತೋಳಿಂದ ಉದುರಿತ್ತೋ, ಯಾವ ಚಳಿಗಾಲದ್ದೋ.
ಇದ್ದಲ್ಲೇ ಇರಲಿ ಎಂದು ಬಿಟ್ಟೆ.

ಐದು ಹಲ್ಲಿನಲ್ಲಿ ಒಂದು ಮೈಗಳ್ಳ.
ಮಿಕ್ಕ ನಾಲ್ಕಕ್ಕೆ ನಾನಿಟ್ಟ ಹೆಸರು ಬೇರೆ:
ಅನ್ನ, ನೆಲ, ತಾಳ, ಮಾತು.
ಮೊದಲ ಸಲ ಮಾತಿನ ತಂತಿ ತಾಳಕ್ಕೆ ಬೆಸೆದುಬಿಟ್ಟೆ,
ಪರದೆ ತುಂಬ ಜ್ವರದ ಬಡಬಡಿಕೆ.
ಕಿತ್ತು, ಕಟ್ಟಿ, ನಡುವೆ ಹೆಬ್ಬೆರಳಗಲದ ಚಿಪ್ಪೊಂದನ್ನು ಕೂರಿಸಿದೆ,
ಮೂರು ಪೌಂಡಿನ ದುಭಾಷಿ.

ಈ ಹಳೆಯದು ಒಂದೊಂದು ಕೀಲಿಗೂ ಎರಡೆರಡು ಸಲ ಬಾಯಿಬಿಡುತ್ತದೆ:
ಒತ್ತಿದರು.
ಬಿಟ್ಟರು.
ಎರಡನೆಯದು ದಾರಿಯಲ್ಲಿ ಬಿದ್ದುಹೋದರೆ
ಎಚ್ಚೆಚ್ಚೆಚ್ಚೆಚ್ಚೆಂದು ಪರದೆಯ ಅಂಚಿನ ತನಕ ಓಟ.
ಮಧ್ಯಾಹ್ನವಿಡೀ ದುಭಾಷಿಗೆ ಅದನ್ನೇ ಕಲಿಸಿದೆ.
ಬಿಟ್ಟದ್ದು ಕೇಳಿಸಿಕೋ, ಮಾರಾಯ, ಬಿಟ್ಟದ್ದು.

ನಾಲ್ಕು ಗಂಟೆಗೆ ಅವರ ಕೈಗೆ ಕೊಟ್ಟೆ.
ಎಡ ತೋರುಬೆರಳು ಎಫ್‌ನ ಉಬ್ಬು ಹುಡುಕಿತು, ಬಲದ್ದು ಜೆ.
ಆಮೇಲೆ ಖಟಖಟಾ ಖಟ್ ಖಟಖಟಾ,
ತಗಡಿನ ಮೇಲೆ ಆಲಿಕಲ್ಲು,
ಟ್ರೆವರ್ ತಕ್ಕಡಿ ಬಿಟ್ಟು ತಿರುಗಿ ನೋಡಿದ.
ತಮ್ಮ ಹೆಸರಲ್ಲ ಅವರು ಬರೆದದ್ದು.
ಲ್ಯಾಪ್‌ಟಾಪಿನ ಹೆಣ್ಣುದನಿ ಪೂಜೆಯ ಪಟ್ಟಿಯ ಹಾಗೆ ಓದಿತು:
ಮಾರ್ಗರೆಟ್ ಆಲೀಸ್ ದೋಣಿ, ಹ್ಯಾಡಕ್ ಹದಿನಾಲ್ಕು ಪೆಟ್ಟಿಗೆ,
ಕಾಡ್ ಆರು, ಚೂರುಪಾರು ಎರಡು.

ಅಷ್ಟರಲ್ಲಿ ಉಂಗುರದ ಬೆರಳು ತಾನಾಗಿ ಮೇಲೆ ಹೋಗಿ
ಎಫ್ ಒಂಬತ್ತನ್ನು ಒತ್ತಿತು.
ಏನೂ ಆಗಲಿಲ್ಲ.
ಅವರು ಕಾದರು. ನಾನೂ.

"ಮಾರಾಟವಾಯಿತು ಅಂತ, ಅದು.
ಒತ್ತಿದರೆ ಕೆಳಗೆ ಪ್ರಿಂಟರು ಚೀರಬೇಕು,
ಡೆರಿಕ್ ಚೀಟಿ ಹರಿದು ಮೆಟ್ಟಿಲಲ್ಲಿ ಓಡಬೇಕು."

ಬೇಕಾದ ಕೆಲಸ ಹಚ್ಚಬಹುದು ಅದಕ್ಕೆ, ಅಂದೆ.
ಮೊಮ್ಮಗಳಿಗೆ ಫೋನು, ರೇಡಿಯೊ,
ಗಂಟೆಯೆಷ್ಟೆಂದು ಹೇಳುವುದು.
ಚಾವಣಿಯ ಮೇಲೆ ಕಡಲಕ್ಕಿಗಳ ಜಗಳ.
ಎನಿಡ್ ತಲೆಯಾಡಿಸಿದರು.
"ಬೇಡ. ದುಡಿದದ್ದು ಸಾಕು ಅದು. ಸದ್ದು ಬರುತ್ತದಲ್ಲ?"

ಹಾಗಾಗಿ ಚಿಪ್ಪಿನ ಪಟ್ಟಿಯಲ್ಲಿ ಎಫ್ ಒಂಬತ್ತರ ಎದುರು
ಸೊನ್ನೆ ಬರೆದೆ.

ಎಂಟು ಪೌಂಡು.
ನಾಣ್ಯಗಳ ಅಂಚನ್ನು ಹೆಬ್ಬೆರಳಲ್ಲಿ ಸವರಿ ಎಣಿಸಿಕೊಟ್ಟರು,
ಟವೆಲು ಸುತ್ತಿದರು, ಗಾಡಿಗಿಟ್ಟರು,
ಹೊರಟವರು ನಿಂತು
ಬಟ್ಟೆಯ ಮೇಲಿಂದಲೇ ತಡವಿ, ಎಣಿಸಿ,
ಒಮ್ಮೆ ಒತ್ತಿದರು.

ಖಟ್.