ಹದಿನೈದು ಅಂಕ

ಕಂದು ಲಕೋಟೆ ಬಂದು ಒಂಬತ್ತು ದಿನ.
ಬ್ರೆಡ್ಡಿನ ಡಬ್ಬಿಯ ಕೆಳಗೆ ಅದುಮಿಟ್ಟಿದ್ದೇನೆ,
ಒಂದು ಮೂಲೆ ಮಾತ್ರ ಹೊರಗೆ ಇಣುಕಿ
ನಾನು ಚಹಾಕ್ಕೆ ನೀರಿಡುವುದನ್ನು ನೋಡುತ್ತದೆ.

ಕೊನೆಗೆ ಕೆಳಮನೆಯ ಸೆಂಗಾ ಹತ್ತಿ ಬಂದಳು,
ತಲೆಯ ಮೇಲೆ ಕನ್ನಡಕ, ಬಾಯಲ್ಲಿ ಪೆನ್ನು.
ಗಂಡನ ಶ್ವಾಸಕೋಶಕ್ಕಾಗಿ ಮೂರು ಸಲ
ಈ ಫಾರಮು ತುಂಬಿದವಳು.
"ಕೊಡು ಇಲ್ಲಿ ರೋನಾ, ಕಚ್ಚುವುದಿಲ್ಲ ಅದು."
ಕಚ್ಚುತ್ತದೆ. ಅವಳಿಗೂ ಗೊತ್ತು.

ಅರ್ಧ ಲೀಟರ್ ಹಾಲಿನ ಡಬ್ಬಿ ಎತ್ತಬಲ್ಲಿರಾ?
ಎತ್ತಬಲ್ಲೆ.
ಖಾಲಿ ರಟ್ಟಿನ ಪೆಟ್ಟಿಗೆ?
ಹೂಂ.
ಗುಂಡಿ ಒತ್ತಬಲ್ಲಿರಾ?
ಅಲಾರಂ ಇಡುವಂಥ ಸಣ್ಣ ಕೆಲಸ ಕಲಿಯಬಲ್ಲಿರಾ?

ಅಲಾರಂ!
ಹನ್ನೊಂದು ವರ್ಷ ಮೂರೂಮುಕ್ಕಾಲಿಗೆ ಎದ್ದವಳು ನಾನು.
ಡಂಡೀ ಊರಿನ ಮೊದಲ ಬಸ್ಸು ನನ್ನದು.
ಟೇ ನದಿಯ ಮೇಲೆ ಇನ್ನೂ ಬೆಳಕು ಬಿದ್ದಿರುತ್ತಿರಲಿಲ್ಲ,
ಕಸ ಗುಡಿಸುವವರು, ನರ್ಸುಗಳು, ಬೇಕರಿಯ ಹುಡುಗರು,
ಎಲ್ಲರ ನಿದ್ದೆಯನ್ನೂ ಒಂದೊಂದು ತಿರುವಿನಲ್ಲಿ
ಮೆಲ್ಲಗೆ ಇಳಿಸುತ್ತಿದ್ದೆ.

ಪರಿಚಯವಿಲ್ಲದ ಜಾಗಕ್ಕೆ ಒಬ್ಬರೇ ಹೋಗಬಲ್ಲಿರಾ?
ಸೆಂಗಾಳ ಪೆನ್ನು ನಿಂತಿತು.
"ಅವತ್ತಿನದು ಬರೆಯಲೇ?" ಅಂದಳು.

ಅವತ್ತು ಆಸ್ಪತ್ರೆಯ ನಿಲ್ದಾಣ.
ಬಾಗಿಲು ತೆರೆದೆ. ಇಳಿಯುವವರು ಇಳಿದರು,
ಹತ್ತುವವರು ಹತ್ತಿದರು.
ಮುಚ್ಚುವ ಗುಂಡಿ ನನ್ನ ಕೈಗೆ ಗೇಣು ದೂರ.
ಒತ್ತಲಿಲ್ಲ.
ಒತ್ತಲಾಗಲಿಲ್ಲ.
ಈ ಎರಡು ಮಾತಿನ ನಡುವೆ ನಾನಿದ್ದೇನೆ,
ಫಾರಮಿನಲ್ಲಿ ಅಲ್ಲಿಗೆ ಚೌಕವಿಲ್ಲ.

ಯಾರೋ ಕೆಮ್ಮಿದರು. ಯಾರೋ ಬೈದರು.
ಗಾಳಿ ಒಳಗೆ ಬಂದು ಸೀಟು ಹಿಡಿಯಿತು.
ಇಪ್ಪತ್ತು ನಿಮಿಷಕ್ಕೆ ಬಸ್ಸು ಖಾಲಿ.
ಕೊನೆಯ ಮುದುಕ ಇಳಿಯುವಾಗ, ರೂಢಿಯಂತೆ,
ಥ್ಯಾಂಕ್ಯೂ ಅಂದ,
ಎಲ್ಲಿಗೂ ಮುಟ್ಟಿಸದವಳಿಗೆ.

ಆಮೇಲೆ ಫೋನಿನಲ್ಲಿ ಪರೀಕ್ಷೆ.
ಬರೀ ಫೋನಿಗಾಗಿ ತಲೆಸ್ನಾನ ಮಾಡಿದ್ದೆ,
ಇಸ್ತ್ರಿಯ ಅಂಗಿ ತೊಟ್ಟಿದ್ದೆ. ಯಾಕೆ ಕೇಳಬೇಡಿ.
ಆಕೆಯ ದನಿ ಒಳ್ಳೆಯದೇ,
ಹಿಂದೆ ಕೀಲಿಮಣೆಯ ಚಟಪಟ.
ಅಲಾರಮ್ಮಿನ ಪ್ರಶ್ನೆ ಬಂದಾಗ ನನಗೆ ನಗು ಬಂತು.
ಅದನ್ನೂ ಬರೆದುಕೊಂಡರು:

*ಮಾತು ಸ್ಪಷ್ಟ. ಉತ್ತರಗಳು ಸಮರ್ಪಕ.
ಒಮ್ಮೆ ನಕ್ಕರು.
ಬೇಕಾದ ಅಂಕ ಹದಿನೈದು. ಪಡೆದ ಅಂಕ ಸೊನ್ನೆ.*

ಶಾಲೆಯಲ್ಲೂ ಸೊನ್ನೆ ತಂದಿದ್ದೇನೆ, ಲೆಕ್ಕದಲ್ಲಿ.
ಅಲ್ಲಿ ಬಾರದ್ದಕ್ಕೆ ಸೊನ್ನೆ,
ಇಲ್ಲಿ ಬಂದದ್ದಕ್ಕೆ.
ದುಡಿದು ತಿಂದ ಕೈ, ಬೇಡಲು ಬರುವುದಿಲ್ಲ ಅಂದೆ.
"ಬೇಡುವುದೇನು ಬಂತು?
ಹನ್ನೊಂದು ವರ್ಷ ನಿನ್ನ ಸಂಬಳದಲ್ಲಿ ಹಿಡಿದದ್ದು
ಮತ್ತೆ ಯಾತಕ್ಕೆ?"
ಸೆಂಗಾ ಸಿಟ್ಟಾದರೆ ಅವಳ ಮೂಗು ಮೊದಲು ಕೆಂಪಾಗುತ್ತದೆ.

ಮೇಲ್ಮನವಿಗೆ ಕೂತೆವು.
ಕೆಟ್ಟ ದಿನಗಳನ್ನು ಚೆನ್ನಾಗಿ ಬರೆಯಬೇಕಂತೆ:
ಮೂರು ದಿನ ಅದೇ ಕಾಲುಚೀಲ,
ಸಿಂಕಿನ ಮುಂದೆ ಕಪ್ಪು ಹಿಡಿದು ಸಂಜೆಯಾದದ್ದು,
ಅಕ್ಕ ಬಾಗಿಲು ತಟ್ಟಿದಾಗ ಸೋಫಾದ ಹಿಂದೆ
ನಲವತ್ತಾರರ ಹೆಂಗಸು ಉಸಿರು ಬಿಗಿಹಿಡಿದದ್ದು.
ಒಂದೊಂದನ್ನೂ ಅವಳು ದುಂಡಗೆ ಬರೆದಳು.
ಓದಿ ಹೇಳಿದಾಗ
ಈ ಹೆಂಗಸಿಗೆ ಯಾರಾದರೂ ಸಹಾಯ ಮಾಡಬಾರದೇ
ಅನ್ನಿಸಿತು.

ಅಂಚೆಪೆಟ್ಟಿಗೆ ಎದುರು ಬೀದಿಯಲ್ಲೇ.
ನಾನೇ ಹಾಕುತ್ತೇನೆ ಅಂದೆ, ಕೋಟು ತೊಟ್ಟೆ,
ಹದಿನಾಲ್ಕು ಮೆಟ್ಟಿಲು ಇಳಿದೆ.
ಹದಿನಾಲ್ಕೂ ಹತ್ತಿದೆ.
ಏನೂ ಕೇಳದೆ ಸೆಂಗಾ ಲಕೋಟೆ ತೆಗೆದುಕೊಂಡಳು.

ಕಿಟಕಿಯಿಂದ ನೋಡುತ್ತಿದ್ದೆ.
ಅವಳು ರಸ್ತೆ ದಾಟಲು ಕಾಯುತ್ತಿದ್ದಾಳೆ,
ನಡುವೆ ನನ್ನ ಬಸ್ಸು ಬಂತು, ನಿಂತಿತು.
ಬಾಗಿಲು ತೆರೆಯಿತು.
ಗಾಜಿನ ಈಚೆ ನನ್ನ ಹೆಬ್ಬೆರಳು
ಕಿಟಕಿಯ ಕಟ್ಟೆಯನ್ನು ಒತ್ತಿ ಹಿಡಿದಿತ್ತು.
ಮುಚ್ಚಿತು.
ಬಸ್ಸು ಸರಿದಾಗ ಸೆಂಗಾ ಆಚೆ ದಾಟಿದ್ದಳು,
ಖಾಲಿ ಕೈ ಎತ್ತಿ ತೋರಿಸುತ್ತಿದ್ದಳು.