ಕೇರಾಫ್ ತುಳಜಮ್ಮ

ದುರ್ಗಿಗುಡಿಯ ಎರಡನೇ ಅಡ್ಡರಸ್ತೆಯಲ್ಲಿ
ಮಹಡಿ ಮೆಟ್ಟಿಲ ಕೆಳಗೆ
ನಿಂತರೆ ತಲೆ ತಾಗುವ, ಕೂತರೆ ಮಂಡಿ ತಾಗುವ
ಒಂದು ಇಸ್ತ್ರಿ ಅಂಗಡಿ.
ಅಲ್ಲಿ ಹದಿನೇಳು ಜನ ವಾಸ,
ನನ್ನ ಚೀಲದ ಪ್ರಕಾರ.

ಇಪ್ಪತ್ತಾರು ವರ್ಷ ಈ ಬೀಟಿನಲ್ಲಿ ಸೈಕಲ್ ತುಳಿದವನು.
ಯಾವ ಮನೆಗೆ ಯಾವ ಬ್ಯಾಂಕಿನ ನೋಟೀಸು,
ಯಾವ ಗೇಟಿಗೆ ಯಾವ ನಾಯಿ, ಎಲ್ಲ ಬಾಯಿಪಾಠ.
ಆದರೂ ಮೊದಲ ಸಲ
‘ಗಾಮಪ್ಪ, ಕೇರಾಫ್ ತುಳಜಮ್ಮ’ ಬಂದಾಗ
ಲಕೋಟೆಯನ್ನು ತಿರುವಿ ತಿರುವಿ ನೋಡಿದ್ದೆ.
ಪೆಟ್ಟಿಗೆಯ ಕೆಂಡಕ್ಕೆ ಗಾಳಿ ಹಾಕುತ್ತ ಆಕೆ
‘ಕೊಡಿ ಇಲ್ಲಿ, ಬಸ್ ಸ್ಟ್ಯಾಂಡಲ್ಲಿ ಮಲಗ್ತಾನೆ,
ಸಂಜೆ ಬಂದು ತಗೊಂತಾನೆ’ ಅಂದಳು.
ಯಾರದೋ ಬಿಳಿ ಅಂಗಿಯ ಮಡಿಕೆಯಲ್ಲಿಟ್ಟಳು,
ಸುಕ್ಕಾಗಬಾರದಲ್ಲ.

ಗಾಮಪ್ಪನ ಊರು ಕೇಳಿದರೆ
ಕೈ ಕೆಳಕ್ಕೆ ತೋರಿಸುತ್ತಾನೆ. ನೆಲದ ಕಡೆಗಲ್ಲ,
ಇನ್ನೂ ಕೆಳಕ್ಕೆ.
ಶರಾವತಿಗೆ ಕಟ್ಟೆ ಕಟ್ಟಿ ನೀರು ನಿಲ್ಲಿಸಿದಾಗ
ಅವನಿಗೆ ಏಳೋ ಎಂಟೋ.
ಅವ್ವ ಒಲೆಯ ಕಲ್ಲು ಮೂರನ್ನೂ ಹೊತ್ತು
ಲಾರಿ ಹತ್ತಿದ್ದು ನೆನಪಿದೆಯಂತೆ.
ಇಳಿದದ್ದೆಲ್ಲಿ ಅಂತ ನೆನಪಿಲ್ಲ.
ಇಳಿದೇ ಇಲ್ಲವೇನೋ.

ಬೀಡಿ ಕಟ್ಟಿ ಕಟ್ಟಿ ಸವೆದ ಖೈರುನ್ನಿಸಾಳ ಹೆಬ್ಬೆಟ್ಟು
ಯಂತ್ರಕ್ಕೆ ಹತ್ತುವುದಿಲ್ಲ.
ಭದ್ರಾವತಿಯ ಪೇಪರ್ ಮಿಲ್ಲಿನಲ್ಲಿದ್ದ ಪೌಲಪ್ಪ
ಕಾಗದ ಮುಟ್ಟಿಯೇ ಅದರ ತೂಕ ಹೇಳುತ್ತಾನೆ.
ಅವನ ಹತ್ತಿರ ಇಲ್ಲದ್ದೂ ಕಾಗದವೇ.
ವಿಳಾಸವಿಲ್ಲದೆ ಕಾರ್ಡಿಲ್ಲ, ಕಾರ್ಡಿಲ್ಲದೆ ಪಿಂಚಣಿಯಿಲ್ಲ,
ಪಿಂಚಣಿಯಿಲ್ಲದೆ ಬಾಡಿಗೆಗೆ ಗತಿಯಿಲ್ಲ, ಬಾಡಿಗೆಯಿಲ್ಲದೆ
ಮತ್ತೆ ಮೊದಲಿಂದ ಓದಿ.

‘ನಂಬಿ ಬಟ್ಟೆ ಇಟ್ಟು ಹೋಗ್ತಾರೆ,
ಹೆಸರು ಇಟ್ಟು ಹೋದರೆ ಏನು ಭಾರ?’
ಇಷ್ಟೇ ತುಳಜಮ್ಮನ ಕಾನೂನು.

ಹೋದ ಮಾರ್ಚಿಯಲ್ಲಿ ಪರಿಶೀಲನೆಗೆ ಬಂದರು
ಫೈಲು ಕಂಕುಳಲ್ಲಿಟ್ಟ ಎಳೆಯ ಸಾಹೇಬರು.
ನನ್ನನ್ನೂ ನಿಲ್ಲಿಸಿಕೊಂಡರು ಸಾಕ್ಷಿಗೆ.
‘ಗಾಮಪ್ಪ ಬಿನ್ ಹೊಳಿಯಪ್ಪ, ಇಲ್ಲಿ ವಾಸಿಯೋ?’
‘ಎಲ್ಲಿ ವಾಸಿ ಸಾರ್,
ಕಾಲು ಇನ್ನೂ ಬಾತುಕೊಂಡೇ ಇದೆ.
ಶುಕ್ರವಾರ ಮೆಗ್ಗಾನಿಗೆ ಕರಕೊಂಡು ಹೋಗಿದ್ದೆ,
ಪಟ್ಟಿ ಬದಲಾಯಿಸಿದಾರೆ. ಈ ಬಿಸಿಲಿಗೂ ಕೀವು ಆರ್ತಿಲ್ಲ.’

ಸಾಹೇಬರ ಪೆನ್ನು ನಿಂತಿತು.
ನಗು ಗಂಟಲವರೆಗೆ ಬಂದು ಅಲ್ಲೇ ಕೂತಿತು ನನಗೆ.
ಯಾರ ಕಾಲಿನ ಪಟ್ಟಿ ಯಾವ ವಾರ ಬದಲಾಯಿತು ಅಂತ
ಗೊತ್ತಿರುವ ಜಾಗಕ್ಕೆ
ಬೇರೆ ಏನು ಹೆಸರು?

ಬರೆದುಕೊಂಡರು. ಆದರೂ ಹದಿನೇಳು ಹೆಚ್ಚಾಯಿತಮ್ಮ,
ಕಂಪ್ಯೂಟರು ಒಪ್ಪಲ್ಲ ಅಂದರು.
‘ನಂಗೆರಡು ಬರ್ಕೊಳ್ಳಿ’
ಎದುರಿನ ಬೀಗ ರಿಪೇರಿಯ ಜಬೀವುಲ್ಲಾ,
ಅರದಿಂದ ತಲೆ ಎತ್ತದೆಯೇ.
ಹೆಂಗಸರಾದರೆ ಮೂವರು, ಬಳೆಯಂಗಡಿ ಸುಗುಣಮ್ಮ.
ಮೆಡಿಕಲ್ ಸ್ಟೋರಿನವರು ಷಟರು ಅರ್ಧ ಇಳಿಸಿದರು,
ಅದನ್ನೂ ಹೇಳಬೇಕು.
ನಾನು? ಹೆಂಡತಿಯನ್ನು ಕೇಳಿ ಹೇಳ್ತೇನೆ ಅಂದೆ.
ಎಂಟು ದಿನ ಕೇಳಲಿಲ್ಲ. ಒಂಬತ್ತನೇ ದಿನ ಕೇಳಿದೆ.
ಈಗ ಪೌಲಪ್ಪನ ಕಾಗದ
ನನಗೆ ನಾನೇ ತಲುಪಿಸಿಕೊಳ್ಳುತ್ತೇನೆ.

ವಿಳಾಸ ಸೂರಲ್ಲ, ಗೊತ್ತು.
ಗಾಮಪ್ಪ ಇನ್ನೂ ಸಾಗರದ ಬಸ್ಸು ನಿಲ್ಲುವಲ್ಲೇ ಮಲಗುತ್ತಾನೆ.
ಪಾಲಿಕೆಯ ತಂಗುದಾಣದಲ್ಲಿ ಬಾಗಿಲಿಗೆ ಹೊರಗಿನಿಂದ ಚಿಲಕ,
ನೀರು ಏರಿದರೆ ಏನು ಮಾಡಲಿ ಅನ್ನುತ್ತಾನೆ.
ಮೊನ್ನೆ ಆ ಚಿಲಕ ತೆಗೆಸಲು
ಎಳೆಯ ಸಾಹೇಬರು ಅರ್ಜಿ ಬರೆಸಿಕೊಂಡರು.
ಅವತ್ತೇ ಗಾಮಪ್ಪನಿಗೊಂದು ಟಪಾಲು, ಸೀರೆ ಅಂಗಡಿಯ ರಿಯಾಯಿತಿಯದು.
ಅಚ್ಚಾದ ಹೆಸರಿನ ಮೇಲೆ ಬೆರಳಾಡಿಸಿ
ಜೇಬಿನಲ್ಲಿಟ್ಟುಕೊಂಡ.

ಖೈರುನ್ನಿಸಾಗೆ ಕೊನೆಗೂ ಕಣ್ಣು ತೋರಿಸಿ ಪಿಂಚಣಿ ಬಂತು.
ಕಾಲುವೆ ಪಕ್ಕದ ಗಲ್ಲಿಯಲ್ಲಿ ಒಂದು ಕೋಣೆ, ಒಂದು ಬಲ್ಬು.
ಮೊದಲ ತಿಂಗಳೇ ನನ್ನ ಸೈಕಲ್ ತಡೆದಳು:
‘ಅಣ್ಣಾ, ಈಗ ನನ್ನದೂ ನಂಬರು ಇದೆಯಲ್ಲ.
ಬಸ್ ಸ್ಟ್ಯಾಂಡಲ್ಲಿ ಒಂದು ಹುಡುಗಿ ಇದಾಳೆ, ಕೈಗೂಸು ಬೇರೆ.
ನನ್ನ ಕೇರಾಫ್ ಬರೆಸಬಹುದಾ?’

ಬೀಟು ಉದ್ದವಾಗುತ್ತಿದೆ.
ಚೈನಿಗೆ ಎಣ್ಣೆ ಬಿಡಬೇಕು.