ಎಡಕ್ಕೆ ಎಳೆಯುವ ಗಾಡಿ

ಇಂಜಿನ್ನಿನ ಹೊಟ್ಟೆಗೆ ಎರಡು ಇಟ್ಟಿಗೆ, ಮೇಲೊಂದು ಗೋಣಿತಟ್ಟು.
ಯೆಜ್ಡಿಯ ಮುಂದಿನ ಗಾಲಿ ನೆಲ ಬಿಟ್ಟಿತು.
ಬ್ರೇಕಿನ ವೈರು, ಮೀಟರಿನ ಕೇಬಲ್ಲು ಕಳಚಿದ ಹುಸೇನಿ ಮಿಸ್ತ್ರಿ
ಆಕ್ಸಲಿನ ನಟ್ಟಿಗೆ ದೊಡ್ಡ ಪಾನಾ ಹಾಕಿ ಮೈಯೆಲ್ಲ ಭಾರ ಬಿಟ್ಟ.
ಅಲುಗಲಿಲ್ಲ.
"ಎಷ್ಟ್ ವರ್ಷ ಆಯ್ತ್ರಿ ಕಾಕಾ, ಇದು ಬಿಚ್ಚಿ?"
ಸ್ಟೂಲಿನ ಮೇಲಿನ ಅಪ್ಪ ಚಹಾವನ್ನು ಬಸಿಗೆ ಸುರುವಿಕೊಂಡು ಅಂದ,
"ಬಿಚ್ಚಿದ್ದೇ ಇಲ್ಲೋ."

ಶಹಾಬಾದಿನ ಖಣಿಗಳ ಬಿಳಿ ಧೂಳು
ಗ್ರೀಸಿನೊಳಗೆ ಕಲಸಿ, ಬೇರಿಂಗಿನ ಗುಂಡುಗಳ ಸುತ್ತ
ಹಳಸಿದ ಹಿಟ್ಟಿನ ಹಾಗೆ.
ತಗಡಿನ ತಾಟಿನಲ್ಲಿ ಪೆಟ್ರೋಲು, ಹಲ್ಲುಜ್ಜಿ ಬಿಸಾಕಿದ ಬ್ರಶ್ಶು,
ಹುಡುಗ ಲಾಡ್ಲೆ ತಿಕ್ಕಿದ, ಮತ್ತೆ ತಿಕ್ಕಿದ.
ಮಿಸ್ತ್ರಿ ಗಾಲಿಯನ್ನು ತೊಡೆಗೆ ಆನಿಸಿಕೊಂಡು
ಕಡ್ಡಿಗಳನ್ನು ಒಂದೊಂದೇ ಬಡಿದು ಕಿವಿಗೊಟ್ಟ.
ಟಿಣ್. ಟಿಣ್. ಟಿಣ್. ಟಪ್.
"ಇದು ಸತ್ತದ."

ಫೋರ್ಕಿನ ಬುಡದ ಸ್ಕ್ರೂ ತೆಗೆದಾಗ
ಬಲಗಾಲಿನಿಂದ ಅರ್ಧ ಗ್ಲಾಸು ಕಪ್ಪೆಣ್ಣೆ, ಕೊಳೆತ ಮೀನಿನ ವಾಸನೆ.
ಎಡಗಾಲಿನಿಂದ ಒಂದು ಚಮಚ.
"ಸೀಲ್ ಹೋಗ್ಯಾದ. ಯಾಕ್ ಹೋಯ್ತು ನೋಡೂಣ ತಡೀರಿ."
ಅಂಗಡಿಯ ಬಾಗಿಲಿಗೆ ಹಾಸಿದ ನುಣುಪು ಫರ್ಸಿಯನ್ನು ಅಂಗೈಯಿಂದ ಒರೆಸಿ
ಎರಡೂ ಪೈಪುಗಳನ್ನು ಉರುಳಿಸಿದ.
ಬಲದ್ದು ಒಂದೇ ಸದ್ದಿನಲ್ಲಿ ಹೋಗಿ ಹೊಸ್ತಿಲಿಗೆ ತಾಗಿತು.
ಎಡದ್ದು ಏಳುತ್ತ, ಕೂಡುತ್ತ ಹೊರಳಿತು.
ಅದರ ಹೊಟ್ಟೆಯಡಿ ಬೆಳಕಿನ ಎಳೆಯೊಂದು
ಕಾಣುವುದು, ಮುಚ್ಚುವುದು.

"ಎಲ್ಲೋ ಬಿದ್ದದ ಗಾಡಿ."
"ನಾ ಅಂತೂ ಬೀಳಿಸಿಲ್ಲ," ಅಂದ ಅಪ್ಪ.
ನಾನು ಗಾಲಿಯ ಕಡ್ಡಿಗಳನ್ನು ಎಣಿಸತೊಡಗಿದೆ.

ಪಿಯುಸಿ ಎರಡನೇ ವರ್ಷ, ಕಾಗಿಣಾ ಸೇತುವೆಯ ಇಳಿಜಾರು,
ಹಿಂದೆ ಗುಂಡೇರಾವ, ಮುಂದೆ ಕತ್ತಲಲ್ಲಿ ಕತ್ತಲೇ ಆಗಿದ್ದ ಎಮ್ಮೆ.
ಗಾಲಿಯನ್ನು ಮೊಣಕಾಲುಗಳ ನಡುವೆ ಹಿಡಿದು ಹ್ಯಾಂಡಲ್ ತಿರುವಿ ನೆಟ್ಟಗೆ ಮಾಡಿದೆವು.
ನಮ್ಮ ಕಣ್ಣಿಗೆ ನೆಟ್ಟಗೆ.
ಹೆಡ್‌ಲೈಟಿನ ಗಾಜು ವಾಡಿಯಲ್ಲಿ, ಸಾಲ.
ಪೆಟ್ರೋಲಿನ ಕಿವಿ ಅಪ್ಪ ಮುಚ್ಚುವ ಹಾಗೇ ಮುಚ್ಚಿ ನಿಲ್ಲಿಸಿದೆ.

ಮರುದಿನದಿಂದ ಅಪ್ಪ ಎಲ್ಲರಿಗೂ ಹೇಳುತ್ತಿದ್ದ,
"ನಮ್ಮ ಗಾಡಿ ಒಂಚೂರು ಎಡಕ್ಕ ಎಳೀತದ,"
ಮನೆಯವರ ಹಟದ ಬಗ್ಗೆ ಹೇಳಿಕೊಂಡ ಹಾಗೆ.
ಚಿತ್ತಾಪುರ, ನಾಲವಾರ, ರಾವೂರ, ಕರೆಂಟಿನ ಮೀಟರು ಓದುತ್ತ ಓದುತ್ತ
ಬಲಭುಜ ಇಳಿಯಿತು.
ರಿಜಿಸ್ಟರಿನ ಚೀಲದ ಭಾರ ಅಂದುಕೊಂಡೆವು.
ತಂಗಿಯ ಮದುವೆಯಲ್ಲಿ ಫೋಟೋದವನು ಮೂರು ಸಲ ಕೂಗಿದ್ದ,
"ಕಾಕಾ, ಸೀದಾ ನಿಲ್ರಿ."
ಅಪ್ಪನಿಗೆ ಅದೇ ಸೀದಾ.

ಲೇಥಿನವನು ಪ್ರೆಸ್ಸಿಗೆ ಕೊಟ್ಟು ಕೂದಲೆಳೆಯಷ್ಟು ಒತ್ತಿದ.
ಫರ್ಸಿಯ ಮೇಲೆ ಈಗ ಬೆಳಕಿನ ಎಳೆ ಇಲ್ಲ.
ಹೊಸ ಸೀಲಿನ ತಲೆಗೆ ಹಳೇ ಸೀಲನ್ನಿಟ್ಟು ಮೆಲ್ಲಗೆ ಬಡಿದು ಕೂಡಿಸಿದರು.
ಕೆಮ್ಮಿನ ಔಷಧದ ಬಾಟಲಿಯಲ್ಲಿ ಗೆರೆ ನೋಡಿ
ಎರಡೂ ಕಾಲಿಗೆ ಒಂದೇ ಅಳತೆ ಎಣ್ಣೆ.
ಗಾಲಿ ತಿರುಗಿಸಿದರೆ ಎಷ್ಟೋ ಹೊತ್ತು ತಿರುಗಿತು.

ಸಂಜೆ ಅಪ್ಪ ಮೂರನೇ ಕಿಕ್ಕಿಗೆ ಹೊರಟ.
ರೈಲ್ವೆ ಗೇಟಿನವರೆಗೆ ಹೋಗಿ ಬಂದು, ಕಾಲೂರಿ, ಇಂಜಿನ್ ಆರಿಸದೆ ಕೂತ.
"ಬಲಕ್ಕ ಎಳೀಲತ್ತದಲ್ಲೋ ಹುಸೇನಿ."
ಮಿಸ್ತ್ರಿ ಚಿಂದಿಗೆ ಕೈ ಒರೆಸುತ್ತ ನಕ್ಕ.
"ಗಾಡಿ ಅಲ್ರಿ ಕಾಕಾ. ನೀವು."

ಅಪ್ಪ ನನ್ನ ಕಡೆ ನೋಡಿದ.
ಆಗಲೇ ಬಿಗಿಯಾಗಿದ್ದ ಎಣ್ಣೆ ಬಾಟಲಿಯ ಮುಚ್ಚಳವನ್ನು ನಾನು ಬಿಗಿಮಾಡುತ್ತಿದ್ದೆ.

"ತಡಿ, ಇನ್ನೊಂದ್ ಸುತ್ತ ಹೋಗಿ ಬರ್ತೀನಿ."
ಗೇಟಿನ ಕಡೆಗೆ ಕೆಂಪು ದೀಪ
ಬಲಕ್ಕೆ ವಾಲಿತು, ಸರಿಹೋಯಿತು,
ಮತ್ತೆ ವಾಲಿತು.